ಹಳೆಯ ವಾಲ್ವುಗಳ ಬೆಲೆ ಕಟ್ಟುವ ಬಗೆ

ಪ್ರೌಢಶಾಲೆಗಳ ವಿಜ್ಞಾನ ಕೊಠಡಿಯಲ್ಲಿ ಬಹುಕಾಲ ಬೀಗ ತೆರೆಯದ ಬೀರುವೊಂದು ಇದ್ದೇ ಇರುತ್ತದೆ. ಅದನ್ನು ತೆರೆದರೆ ತುಕ್ಕು ಹಿಡಿದ ತಕ್ಕಡಿ, ಬಣ್ಣಗೆಟ್ಟ ಭೂಪಟ, ತಂತಿ ಕಿತ್ತ ಗ್ಯಾಲ್ವನೋಮೀಟರು ಇವುಗಳ ಹಿಂಬದಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ದೊರೆಯುವುದುಂಟು. ಅದರೊಳಗೆ ವೃತ್ತಪತ್ರಿಕೆಯ ಹಾಳೆಗಳಲ್ಲಿ ಸುತ್ತಿಟ್ಟ ಗಾಜಿನ ಬುರುಡೆಗಳು. ಕೆಲವು ಕಿರುಬೆರಳಿನಷ್ಟು, ಕೆಲವು ಎಳೆಯ ಬದನೆಕಾಯಿಯಷ್ಟು. ಬುಡದಲ್ಲಿ ಸೂಜಿಯಂತಹ ಕಡ್ಡಿಗಳು, ನೆತ್ತಿಯಲ್ಲಿ ಬೆಳ್ಳಿಯ ಮೆರುಗು. ಊರಿನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದಾಗ ಅದರ ಒಡೆಯರು ಶಾಲೆಗೆ ಒಪ್ಪಿಸಿ ಹೋದವುಗಳಿರಬಹುದು. ಹಳೆಯ ವಿದ್ಯಾರ್ಥಿಯೊಬ್ಬರು ತಂದೆಯ ಕಾಲದ ರೇಡಿಯೋದೊಡನೆ ಕಾಣಿಕೆಯಾಗಿ ಕೊಟ್ಟವುಗಳಿರಬಹುದು. ದಾಸ್ತಾನು ಪುಸ್ತಕದಲ್ಲಿ ಅವುಗಳ ಎದುರಿಗೆ ‘ನಿರುಪಯುಕ್ತ’ ಎಂಬ ಒಂದೇ ಮಾತು ಬರೆದಿರುತ್ತದೆ.

ಇಂತಹ ಪೆಟ್ಟಿಗೆಗೆ ಈ ಕಾಲದಲ್ಲಿ ಇಬ್ಬರು ಗಿರಾಕಿಗಳು ಒದಗುತ್ತಾರೆ. ಒಬ್ಬನು ಗುಜರಿಯವನು. ಅವನ ಕಣ್ಣಿಗೆ ಅದು ಒಡೆದ ಗಾಜು, ಒಂದಿಷ್ಟು ತಗಡು. ತೂಕಕ್ಕೆ ಹಾಕಿ ಪುಡಿಗಾಸು ಕೊಟ್ಟು ಹೊರಟುಹೋಗುತ್ತಾನೆ. ಮತ್ತೊಬ್ಬನು ಮೆಲ್ಲಗೆ ಬಂದು, ಹಳೆಯ ರೇಡಿಯೋದ ಬುರುಡೆಯಲ್ಲಿ ಲಕ್ಷಾಂತರ ರೂಪಾಯಿ ಬಾಳುವ ‘ಕೆಂಪು ಪಾದರಸ’ವಿದೆಯೆಂದು ಕಿವಿಯಲ್ಲಿ ಉಸುರುವವನು. ಮೊದಲನೆಯವನು ಅರಿಯದೆ ಕೆಡಿಸುತ್ತಾನೆ, ಎರಡನೆಯವನು ಅರಿತೇ ಕೆಡಿಸುತ್ತಾನೆ. ಇವರಿಬ್ಬರ ನಡುವೆ ನಿಂತು ಆ ಬುರುಡೆಯ ನಿಜವಾದ ಬೆಲೆಯನ್ನು ಹೇಳಬಲ್ಲವರು ವಿರಳರಾಗಿದ್ದಾರೆ. ಆದರೆ ಈ ವಿದ್ಯೆ ಗಹನವಾದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರತ್ನಪರೀಕ್ಷೆಗೂ ಒಂದು ಸ್ಥಾನವಿದೆ. ಕಲ್ಲಿನ ಜಾತಿ, ಗುಣ, ದೋಷಗಳನ್ನು ಅರಿತು ಬಳಿಕ ಬೆಲೆ ಕಟ್ಟುವುದು ಆ ಶಾಸ್ತ್ರದ ಕ್ರಮ. ಗಾಜಿನ ವಾಲ್ವಿಗೂ ಅದೇ ಕ್ರಮ ಸಲ್ಲುತ್ತದೆ. ಶಾಲೆಗಳೂ ಮನೆಗಳೂ ಆ ಕ್ರಮವನ್ನು ತಿಳಿಯದೆ ಪೆಟ್ಟಿಗೆಯನ್ನು ಕೈಬಿಡಬಾರದು.

ವಾಲ್ವು ಎಂದು ರೂಢಿಯಾದ ಈ ವಸ್ತುವನ್ನು ಪಠ್ಯಪುಸ್ತಕಗಳು ನಿರ್ವಾತ ನಳಿಕೆ ಎಂದು ಕರೆದಿವೆ; ಒಳಗಿನ ಗಾಳಿಯನ್ನು ತೆಗೆದ ನಳಿಕೆ ಎಂದು ಅರ್ಥ. ವಾಲ್ವು ಎಂದರೆ ಕವಾಟ, ಒಂದೇ ಕಡೆಗೆ ತೆರೆಯುವ ಕದ. ಒಂದು ಹೆಸರು ಸ್ವರೂಪವನ್ನು ಹೇಳಿದರೆ ಇನ್ನೊಂದು ಕಾರ್ಯವನ್ನು ಹೇಳುತ್ತದೆ. ಎಡಿಸನ್ನನು 1880ರ ದಶಕದಲ್ಲಿ ತನ್ನ ವಿದ್ಯುದ್ದೀಪದೊಳಗೆ ಒಂದು ಲೋಹದ ತಗಡನ್ನು ಸೇರಿಸಿ ನೋಡಿದಾಗ, ಕಾದ ತಂತಿಗೂ ತಗಡಿಗೂ ನಡುವಣ ಬರಿದನ್ನು ದಾಟಿ ವಿದ್ಯುತ್ತು ಹರಿಯುವುದು ಕಂಡಿತು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗನು ಅದನ್ನೇ ರೇಡಿಯೋ ತರಂಗಗಳನ್ನು ಹಿಡಿಯುವ ಕವಾಟವನ್ನಾಗಿ ಮಾಡಿದನು. ಎರಡು ವರ್ಷಗಳ ತರುವಾಯ ಅಮೆರಿಕದ ಲೀ ಡಿ ಫಾರೆಸ್ಟನು ತಂತಿ ತಗಡುಗಳ ನಡುವೆ ಮೂರನೆಯದೊಂದನ್ನು ಇರಿಸಿದನು. ಅದೇ ಮುಂದೆ ಗ್ರಿಡ್ಡು ಎನಿಸಿದ ಜಾಲರಿ. ಜಾಲರಿಗೆ ಕೊಟ್ಟ ಅಲ್ಪ ವಿದ್ಯುತ್ತು ತಗಡಿಗೆ ಹರಿಯುವ ದೊಡ್ಡ ಪ್ರವಾಹವನ್ನು ತಡೆಯುತ್ತದೆ, ಬಿಡುತ್ತದೆ. ಕಾಲುವೆಯ ತೂಬಿನ ಹಲಗೆಯನ್ನು ಒಂದು ಕೈ ಎತ್ತಿ ಇಳಿಸಿದಂತೆ. ಪಿಸುಮಾತು ಸಭೆಗೆಲ್ಲ ಕೇಳುವಂತಾದುದು ಈ ಜಾಲರಿಯಿಂದ. 1946ರಲ್ಲಿ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದುವು.

ಕನ್ನಡ ನಾಡಿಗೆ ಇದು ಪರಕೀಯವಾದ ವಸ್ತುವಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಅವರ ದನಿಯನ್ನು ಆಕಾಶಕ್ಕೆ ಹೊತ್ತು ಕಳುಹಿದುದು ವಾಲ್ವುಗಳೇ. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹರಡಿತು. ಆ ವಾಣಿಯ ಕೊರಳಾಗಿದ್ದ ಗಾಜಿನ ಬುರುಡೆಯ ಹೆಸರನ್ನು ಕೇಳಿದವರು ಕಡಿಮೆ. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಬಿ.ಇ.ಎಲ್. ಎಂಬ ಮುದ್ರೆ ಹೊತ್ತ ಆ ವಾಲ್ವುಗಳು ಧಾರವಾಡದ ಮನೆಯ ರೇಡಿಯೋದಲ್ಲಿಯೂ ನಾಟಕದ ಕಂಪನಿಯ ಧ್ವನಿವರ್ಧಕದಲ್ಲಿಯೂ ಉರಿದುವು. ವಿಧಿಯ ವಿನೋದವೆಂದರೆ, 1962ರಲ್ಲಿ ಅದೇ ಕಾರ್ಖಾನೆಯು ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವಿನ ಸ್ಥಾನವನ್ನು ಕಸಿಯಲಿದ್ದ ದಾಯಾದಿ ಒಂದೇ ವರ್ಷದ ಅಂತರದಲ್ಲಿ ಅದೇ ಮನೆಯಲ್ಲಿ ಹುಟ್ಟಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಸಿದ್ಧವಾದಂದಿನಿಂದ ಇದು ಬರಲಿದ್ದುದೇ.

ಇನ್ನು ಪರೀಕ್ಷೆಯ ಮೊದಲ ಮೆಟ್ಟಿಲು ಹೆಸರು. ಗಾಜಿನ ಮೇಲೆ ಅಚ್ಚಾದ ಅಕ್ಷರಗಳನ್ನು ಓದಬಲ್ಲವನಿಗೆ ಅರ್ಧ ಕೆಲಸ ಮುಗಿದಂತೆ. ಈ ಹೆಸರುಗಳು ಅರ್ಥವಿಲ್ಲದ ಗುರುತುಗಳಲ್ಲ. ಅವುಗಳಿಗೆ ಒಂದು ವ್ಯಾಕರಣವಿದೆ, ಅದೂ ವ್ಯಾಕರಣವನ್ನೋದಿದವರು ಮೆಚ್ಚುವಂತಹ ವ್ಯಾಕರಣ. ಯೂರೋಪಿನ ಪದ್ಧತಿಯಲ್ಲಿ ಮೊದಲಕ್ಷರವು ಒಳಗಿನ ತಂತಿಯನ್ನು ಕಾಯಿಸಲು ಬೇಕಾದ ವಿದ್ಯುತ್ತನ್ನು ಹೇಳುತ್ತದೆ. ಇ ಎಂದರೆ 6.3 ವೋಲ್ಟು, ಡಿ ಎಂದರೆ 1.4 ವೋಲ್ಟಿನ ಬ್ಯಾಟರಿಯದು. ಯು ಮತ್ತು ಪಿ ಎಂದರೆ ಸಾಲಾಗಿ ಪೋಣಿಸಿ ಉರಿಸುವಂತಹವು. ನಡುವಣ ಅಕ್ಷರಗಳು ಒಳಗಿನ ಅಂಗಗಳನ್ನು ಹೇಳುತ್ತವೆ. ಎ ಎಂದರೆ ಒಂದು ಡಯೋಡು, ಬಿ ಎಂದರೆ ಜೋಡಿ ಡಯೋಡು, ಸಿ ಎಂದರೆ ಟ್ರಯೋಡು, ಎಫ್ ಎಂದರೆ ಪೆಂಟೋಡು, ಎಲ್ ಎಂದರೆ ಧ್ವನಿವರ್ಧಕವನ್ನು ನಡೆಸಬಲ್ಲ ಶಕ್ತಿಯುತ ಪೆಂಟೋಡು, ಝಡ್ ಎಂದರೆ ಪರ್ಯಾಯ ವಿದ್ಯುತ್ತನ್ನು ನೇರಗೊಳಿಸುವುದು. ಅಂಕಿಗಳಲ್ಲಿ ಮೊದಲನೆಯದು ಬುಡದ ರಚನೆಯನ್ನು ತಿಳಿಸುತ್ತದೆ. 3 ಇದ್ದರೆ ಎಂಟು ಕಡ್ಡಿಗಳ ದಪ್ಪ ಬುಡ, 8 ಇದ್ದರೆ ಒಂಬತ್ತು ಕಡ್ಡಿಗಳ ಸಣ್ಣ ಬುಡ, 9 ಇದ್ದರೆ ಏಳು ಕಡ್ಡಿಗಳದು. ಹೀಗೆ ಇ.ಎ.ಬಿ.ಸಿ. 80 ಎಂಬುದನ್ನು ಸಮಾಸದಂತೆ ಬಿಡಿಸಿದರೆ, 6.3 ವೋಲ್ಟಿನಿಂದ ಕಾಯುವ, ಮೂರು ಡಯೋಡು ಒಂದು ಟ್ರಯೋಡುಗಳು ಒಂದೇ ಗಾಜಿನಲ್ಲಿ ನೆಲೆಸಿರುವ, ಒಂಬತ್ತು ಕಡ್ಡಿಯ ವಾಲ್ವು ಎಂದು ವಿಗ್ರಹವಾಕ್ಯ ಹೊರಡುತ್ತದೆ. ಡಿ.ಕೆ. 96, ಡಿ.ಎಲ್. 96 ಎಂದು ಕಂಡರೆ ಅವು ವಿದ್ಯುಚ್ಛಕ್ತಿ ಬಾರದಿದ್ದ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನುಡಿಯುತ್ತಿದ್ದ ರೇಡಿಯೋಗಳವು ಎಂದು ಹೆಸರಿನಿಂದಲೇ ತಿಳಿಯುತ್ತದೆ.

ಅಮೆರಿಕನರ ಪದ್ಧತಿ ಬೇರೆ. ಅಲ್ಲಿ ಮೊದಲ ಅಂಕಿಯೇ ವೋಲ್ಟು. ಯೂರೋಪಿನ ಇ.ಸಿ.ಸಿ. 83 ಅವರಲ್ಲಿ 12 ಎ.ಎಕ್ಸ್. 7 ಆಗುತ್ತದೆ. ಒಂದೇ ವಾಲ್ವು ಒಂದು ಕಡೆ 6.3, ಇನ್ನೊಂದು ಕಡೆ 12 ಎನಿಸುವುದು ಹೇಗೆ ಎಂದು ಸಂಶಯ ಬರಬಹುದು. ಅದರೊಳಗಿನ ಕಾಯುವ ತಂತಿಗೆ ನಡುವಿನಲ್ಲಿಯೂ ಒಂದು ಕಡ್ಡಿ ಇದೆ. ಎರಡು ಭಾಗಗಳನ್ನು ಒಟ್ಟಿಗೆ ಜೋಡಿಸಿದರೆ 6.3, ಒಂದರ ಮುಂದೊಂದು ಜೋಡಿಸಿದರೆ 12.6. ಶ್ಲೇಷೆಯಂತೆ ಎರಡೂ ಅರ್ಥಗಳು ಸಾಧುವೇ. ಈ ಪರ್ಯಾಯನಾಮಗಳನ್ನು ಅರಿಯದ ಮಾರಾಟಗಾರನು ಒಂದೇ ವಾಲ್ವನ್ನು ಎರಡು ಬೆಲೆಗೆ ಮಾರುವುದುಂಟು, ಕೊಳ್ಳುವವನು ಹೆಚ್ಚಿನ ಬೆಲೆಗೆ ಕೊಳ್ಳುವುದೂ ಉಂಟು.

ಎರಡನೆಯದು ಆರೋಗ್ಯ. ನೆತ್ತಿಯ ಅಥವಾ ಪಕ್ಕದ ಬೆಳ್ಳಿಯ ಮೆರುಗು ಅಲಂಕಾರಕ್ಕಾಗಿ ಇಟ್ಟುದಲ್ಲ. ತಯಾರಿಕೆಯಲ್ಲಿ ಗಾಳಿಯನ್ನು ಹೀರಿದ ಮೇಲೂ ಉಳಿಯುವ ಅನಿಲದ ಶೇಷವನ್ನು ನುಂಗಲೆಂದು ಬೇರಿಯಂ ಲೋಹವನ್ನು ಒಳಗೆ ಆವಿಯಾಗಿಸುತ್ತಾರೆ. ಅದು ಗಾಜಿಗೆ ಅಂಟಿ ಕನ್ನಡಿಯಾಗುತ್ತದೆ. ಎಲ್ಲಿಯೋ ಕೂದಲೆಳೆಯ ಬಿರುಕು ಬಿಟ್ಟು ಗಾಳಿ ಹೊಕ್ಕರೆ ಆ ಕನ್ನಡಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ವಾಲ್ವು ಸತ್ತಂತೆಯೇ. ಅದರ ಮೇಲೆ ಯಾವ ದೊಡ್ಡ ಹೆಸರಿದ್ದರೂ ಫಲವಿಲ್ಲ. ಕಣ್ಣಿನಿಂದಲೇ ಆಗುವ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ತರುವಾಯ ಬುಡದ ಕಡ್ಡಿಗಳು ಬಾಗಿವೆಯೇ, ಕಿಲುಬು ಹಿಡಿದಿವೆಯೇ ಎಂದು ನೋಡಬೇಕು. ಬಾಗಿದುದನ್ನು ಒರಟಾಗಿ ನೆಟ್ಟಗೆ ಮಾಡಹೋದರೆ ಗಾಜು ಬಿರಿಯುತ್ತದೆ. ಮಲ್ಟಿಮೀಟರಿನಿಂದ ಕಾಯುವ ತಂತಿ ಕಡಿದಿಲ್ಲವೆಂದು ಖಚಿತಪಡಿಸಿಕೊಳ್ಳಬಹುದು. ಇ.ಎಲ್. 84ರಲ್ಲಿ 4 ಮತ್ತು 5ನೆಯ ಕಡ್ಡಿಗಳ ನಡುವೆ ಇದನ್ನು ನೋಡಬೇಕು.

ಆದರೆ ಇಲ್ಲಿಯೇ ಒಂದು ಮೋಸವಡಗಿದೆ. ‘ಪರೀಕ್ಷಿಸಿದೆ’ ಎಂದು ಹೇಳಿ ಮಾರುವವರಲ್ಲಿ ಅನೇಕರು ತಂತಿ ಕಡಿದಿಲ್ಲವೆಂಬುದನ್ನಷ್ಟೇ ನೋಡಿರುತ್ತಾರೆ. ಉಸಿರಾಡುವವರೆಲ್ಲ ಹೊಲ ಉಳಬಲ್ಲರೇ? ತಂತಿ ಕಾದು, ಅದರಿಂದ ಎಲೆಕ್ಟ್ರಾನುಗಳು ಸಾಕಷ್ಟು ಹೊರಟು, ಜಾಲರಿಯ ಹಿಡಿತಕ್ಕೆ ಅವು ಒಳಪಡುತ್ತವೆಯೇ ಎಂಬುದು ವಾಲ್ವು ಪರೀಕ್ಷಕ ಯಂತ್ರದಿಂದ ಮಾತ್ರ ತಿಳಿಯುತ್ತದೆ. ಇಂಗ್ಲೆಂಡಿನ ಏವೋ, ಅಮೆರಿಕದ ಹಿಕಾಕ್ ಮುದ್ರೆಯ ಹಳೆಯ ಪರೀಕ್ಷಕಗಳು ಸುಸ್ಥಿತಿಯಲ್ಲಿದ್ದರೆ ಅವೇ ಎಷ್ಟೋ ವಾಲ್ವುಗಳಿಗಿಂತ ಹೆಚ್ಚು ಬೆಲೆಯವು. ಬೀರುವಿನಲ್ಲಿ ಅಂತಹದೊಂದು ಸಿಕ್ಕರೆ ಅದನ್ನು ‘ಹಳೆಯ ಮೀಟರು’ ಎಂದು ಹೊರಗೆಸೆಯಬಾರದು.

ಒಂದು ಎಚ್ಚರಿಕೆಯ ಮಾತು. ಧೂಳು ಕಂಡೊಡನೆ ಒದ್ದೆ ಬಟ್ಟೆಯಿಂದ ಉಜ್ಜಿ ತೊಳೆಯುವ ಶುಚಿತ್ವವು ಈ ವಿಷಯದಲ್ಲಿ ಅನಾಹುತಕಾರಿ. ಗಾಜಿನ ಮೇಲಿನ ಅಚ್ಚು ಬಹು ಸಡಿಲ, ಬೆರಳೊತ್ತಿದರೂ ಅಳಿಸುತ್ತದೆ. ಹೆಸರಳಿದ ವಾಲ್ವು ತಾಮ್ರಪಟದ ಅಕ್ಷರಗಳನ್ನು ಉಜ್ಜಿ ಹಾಕಿದಂತೆ. ಒಣ ಕುಂಚದಿಂದ ಧೂಳನ್ನು ಕೊಡವಿದರೆ ಸಾಕು.

ಮೂರನೆಯದು ಬೇಡಿಕೆ. ಇದನ್ನು ಮರೆತವರೇ ಹೆಚ್ಚಾಗಿ ಭ್ರಮೆಗೊಳಗಾಗುವುದು. ಹಳೆಯದೆಲ್ಲ ಬೆಲೆಯುಳ್ಳದ್ದಲ್ಲ, ಅಷ್ಟೇಕೆ, ದುರ್ಲಭವಾದುದೆಲ್ಲವೂ ಬೆಲೆಯುಳ್ಳದ್ದಲ್ಲ. ಹಳೆಯ ಟೆಲಿವಿಷನ್ ಪೆಟ್ಟಿಗೆಗಳಿಂದ ಬಿಚ್ಚಿದ ಪಿ ಅಕ್ಷರದ ವಾಲ್ವುಗಳು ಹೇರಳವಾಗಿ ಉಳಿದಿವೆ, ಅವನ್ನು ಬಳಸುವ ಪೆಟ್ಟಿಗೆಗಳು ಉಳಿದಿಲ್ಲ. ಹಾಗಾಗಿ ಅವುಗಳಲ್ಲಿ ಬಹುಪಾಲಿಗೆ ಬೆಲೆಯೂ ಇಲ್ಲ. ಬೆಲೆಯಿರುವುದು ಇಂದಿಗೂ ಉರಿಯುತ್ತಿರುವವಕ್ಕೆ. ಪಾಶ್ಚಾತ್ಯ ಸಂಗೀತದ ಗಿಟಾರುಗಾರರು ಇಂದಿಗೂ ವಾಲ್ವಿನ ವರ್ಧಕಗಳನ್ನೇ ಬಯಸುತ್ತಾರೆ. ಬೀಟಲ್ಸ್ ತಂಡದಿಂದ ಹೆಸರಾದ ವಾಕ್ಸ್ ವರ್ಧಕದಲ್ಲಿ ನಾಲ್ಕು ಇ.ಎಲ್. 84ಗಳು ಉರಿಯುತ್ತವೆ, ಮಾರ್ಷಲ್ ವರ್ಧಕಗಳಲ್ಲಿ ಇ.ಎಲ್. 34 ಪ್ರಸಿದ್ಧ. ತಂತಿಯನ್ನು ಬಲವಾಗಿ ಮೀಟಿದಾಗ ಟ್ರಾನ್ಸಿಸ್ಟರು ಥಟ್ಟನೆ ಕರ್ಕಶವಾಗುತ್ತದೆ, ವಾಲ್ವು ಮೆಲ್ಲಮೆಲ್ಲಗೆ ಒಡೆಯುತ್ತದೆ. ಆ ಒಡಕಿನಲ್ಲಿಯೇ ಅವರಿಗೆ ಮಾಧುರ್ಯ. ಮನೆಯಲ್ಲಿ ಕುಳಿತು ಸಂಗೀತ ಕೇಳುವವರಲ್ಲಿಯೂ ವಾಲ್ವಿನ ದನಿಯೇ ತುಂಬಿದ ದನಿಯೆಂದು ಸಾಧಿಸುವವರಿದ್ದಾರೆ. ಅದು ನಿಜವೋ ಅಭಿಮಾನವೋ ಕಿವಿಗಳೇ ತೀರ್ಮಾನಿಸಲಿ, ಕೊಳ್ಳುವವರಿದ್ದಾರೆಂಬುದಂತೂ ನಿಜ.

ಆದ್ದರಿಂದ ಇ.ಸಿ.ಸಿ. 83, ಇ.ಎಲ್. 84, ಇ.ಎಲ್. 34 ಇಂತಹ ಹೆಸರುಗಳು ಕಂಡರೆ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಳಿಸಬೇಕು. ತಯಾರಿಸಿದವರು ಯಾರೆಂಬುದು ಮತ್ತೊಂದು ಲೆಕ್ಕ. ಜರ್ಮನಿಯ ಟೆಲಿಫುಂಕನ್, ಇಂಗ್ಲೆಂಡಿನ ಮುಲ್ಲಾರ್ಡ್ ಇವುಗಳಿಗೆ ಸಂಗ್ರಾಹಕರಲ್ಲಿ ಹೆಚ್ಚಿನ ಮಾನ. ಬಿ.ಇ.ಎಲ್. ಮುದ್ರೆಯವು ಆ ಮಟ್ಟದ ಬೆಲೆಗೆ ಏರಿಲ್ಲವಾದರೂ ಅವನ್ನು ಕೇಳಿ ಕೊಳ್ಳುವವರು ಹೊರನಾಡುಗಳಲ್ಲಿಯೂ ಉಂಟು. ಬುಡದ ಕಡ್ಡಿಗಳ ನಡುವೆ ಗಾಜಿನಲ್ಲಿಯೇ ಮೂಡಿಸಿದ ವಜ್ರಾಕೃತಿಯು ಟೆಲಿಫುಂಕನ್ನಿನವರ ಗುರುತು. ಮೇಲಿನ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು. ಅಗ್ಗದ ವಾಲ್ವಿಗೆ ದೊಡ್ಡ ಹೆಸರು ಬರೆದು ಮಾರುವ ಕೂಟಶಾಸನಕಾರರು ಈ ಕ್ಷೇತ್ರದಲ್ಲಿಯೂ ಇದ್ದಾರೆ. ಶಾಸನತಜ್ಞನು ಲಿಪಿಯನ್ನೂ ಕಲ್ಲನ್ನೂ ನೋಡುವಂತೆ ಇಲ್ಲಿ ಅಚ್ಚನ್ನೂ ಗಾಜನ್ನೂ ನೋಡಬೇಕು. ಒಂದೇ ಬಗೆಯವು ಎರಡೋ ನಾಲ್ಕೋ ಸಮಬಲದವಾಗಿ ದೊರೆತರೆ ಬಿಡಿಯಾಗಿ ಮಾರುವುದಕ್ಕಿಂತ ಜೋಡಿಯಾಗಿ ಹೆಚ್ಚು ಬೆಲೆ. ಕಾರ್ಖಾನೆಯ ಪೆಟ್ಟಿಗೆಯಲ್ಲಿಯೇ ಉಳಿದು ಒಮ್ಮೆಯೂ ಉರಿಯದಿದ್ದವುಗಳನ್ನು ವ್ಯಾಪಾರಿಗಳು ‘ಹಳೆಯ ಹೊಸ ಮಾಲು’ ಎಂದು ಕರೆಯುತ್ತಾರೆ. ಹೆಸರು ವಿರೋಧಾಭಾಸವಾದರೂ ಅರ್ಥವತ್ತಾಗಿದೆ. ಇನ್ನು ಬೆಲೆಯ ಅಂಕಿಯನ್ನು ಅರಸುವಾಗ ಮಾರುವವರು ಕೇಳುವ ಬೆಲೆಯನ್ನು ನಂಬದೆ, ನಿಜವಾಗಿ ಮಾರಾಟವಾದ ಬೆಲೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಕೇಳುವುದಕ್ಕೆ ಕಾಸು ಕೊಡಬೇಕಾಗಿಲ್ಲವಷ್ಟೆ.

ಈಗ ಕೆಂಪು ಪಾದರಸದ ಮಾತು. ಅಂತಹ ವಸ್ತುವೊಂದು ರಸಾಯನಶಾಸ್ತ್ರಕ್ಕೆ ತಿಳಿದಿಲ್ಲ. ಅದು ವಂಚಕರ ಸೃಷ್ಟಿ. 2009ರಲ್ಲಿ ಸೌದಿ ಅರೇಬಿಯದಲ್ಲಿ ಇದೇ ಕೆಂಪು ಪಾದರಸವು ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಲ್ಲಿದೆಯೆಂದು ಸುದ್ದಿ ಹಬ್ಬಿ, ಜನರು ಆ ಯಂತ್ರಗಳಿಗೆ ಮಿತಿಮೀರಿದ ಹಣವನ್ನು ಸುರಿದರು. ಹೊಲಿಗೆ ಯಂತ್ರದಲ್ಲಿ ಇಲ್ಲದುದು ರೇಡಿಯೋ ವಾಲ್ವಿನಲ್ಲಿಯೂ ಇಲ್ಲ. ಮನೆಮನೆಯ ರೇಡಿಯೋ ವಾಲ್ವಿನಲ್ಲಿರುವುದು ಗಾಜು, ನಿಕ್ಕಲ್ಲು, ಟಂಗ್‌ಸ್ಟನ್ನು, ಅಭ್ರಕದ ಬಿಲ್ಲೆ, ಚಿಟಿಕೆ ಬೇರಿಯಂ. ಕೆಲವು ವಿಶೇಷ ವಾಲ್ವುಗಳ ಕಡ್ಡಿಗಳಿಗೆ ಚಿನ್ನದ ಲೇಪವುಂಟು, ಆದರೆ ಅದನ್ನು ಕೆರೆದು ತೆಗೆಯುವ ಶ್ರಮಕ್ಕೆ ಕೂಲಿ ಹುಟ್ಟದು. ದೊಡ್ಡ ಪ್ರಸಾರಯಂತ್ರಗಳಿಗೆ ಬಳಸಿದ ಕೆಲವು ವಾಲ್ವುಗಳಲ್ಲಿ ಸಾಮಾನ್ಯ ಪಾದರಸದ ಹನಿಗಳಿರುವುದು ನಿಜ. ಅದು ಬೆಳ್ಳಿಯ ಬಣ್ಣದ್ದು, ಧನವಲ್ಲ, ವಿಷ. ಅಂತಹದನ್ನು ಒಡೆಯಬಾರದು, ಮಕ್ಕಳ ಕೈಗೆ ಕೊಡಲೇಬಾರದು. ಕೆಂಪು ಪಾದರಸವನ್ನು ನಂಬಿದವರು ಮುಂಗಡವನ್ನು ಕಳೆದುಕೊಳ್ಳುವುದಲ್ಲದೆ, ಅದನ್ನು ಹುಡುಕುವ ಆತುರದಲ್ಲಿ ಸುಸ್ಥಿತಿಯಲ್ಲಿದ್ದ ರೇಡಿಯೋಗಳನ್ನು ಒಡೆದು ಹಾಕುತ್ತಾರೆ. ಇಲ್ಲದ ಲಕ್ಷಕ್ಕಾಗಿ ಇದ್ದ ಸಾವಿರವನ್ನು ಒಡೆದಂತಾಯಿತು. ವಿಜ್ಞಾನದ ಅಧ್ಯಾಪಕರು ತಮ್ಮ ಊರಿನವರಿಗೆ ಈ ಒಂದು ವಿಷಯವನ್ನು ಬಿಡಿಸಿ ಹೇಳಿದರೂ ದೊಡ್ಡ ಉಪಕಾರ.

ವಾಲ್ವಿನ ಯುಗ ಮುಗಿದೇ ಹೋಯಿತೆಂಬ ಮಾತೂ ಪೂರ್ತಿ ನಿಜವಲ್ಲ. ಅಡುಗೆಮನೆಯ ಮೈಕ್ರೋವೇವ್ ಒಲೆಯೊಳಗಿನ ಮ್ಯಾಗ್ನೆಟ್ರಾನು ನಿರ್ವಾತ ನಳಿಕೆಯೇ. ಆಸ್ಪತ್ರೆಯ ಕ್ಷಕಿರಣ ಯಂತ್ರದ ಹೃದಯವೂ ಅದೇ. ರಷ್ಯ, ಚೀನ, ಸ್ಲೊವಾಕಿಯ ದೇಶಗಳಲ್ಲಿ ಗಿಟಾರಿನ ವರ್ಧಕಗಳಿಗೆ ಬೇಕಾದ ವಾಲ್ವುಗಳನ್ನು ಹೊಸದಾಗಿ ತಯಾರಿಸುತ್ತ ಬಂದಿದ್ದಾರೆ. 2022ರ ಮಾರ್ಚಿನಲ್ಲಿ ಯುದ್ಧದ ಕಾರಣದಿಂದ ರಷ್ಯದ ರಫ್ತಿಗೆ ತಡೆ ಬಂದಾಗ ವಾಲ್ವುಗಳು ಸಿಗದೆ ಹೋದಾವೆಂಬ ಭಯದಿಂದ ಬೆಲೆ ಏರಿತು. ಎಲ್ಲಿಯೋ ನಡೆದ ಯುದ್ಧವು ಇಲ್ಲಿಯ ಬೀರುವಿನ ಪೆಟ್ಟಿಗೆಯ ಬೆಲೆಯನ್ನು ಹೆಚ್ಚಿಸಿದುದನ್ನು ಆ ಬೀರುವಿನ ಒಡೆಯರು ಅರಿಯಲೇ ಇಲ್ಲ.

ಆದರೆ ಶಾಲೆಯ ಮಟ್ಟಿಗೆ ವಾಲ್ವಿನ ಮುಖ್ಯವಾದ ಬಳಕೆ ಬೇರೆಯೇ. ಪದವಿಪೂರ್ವ ತರಗತಿಯಲ್ಲಿ ಟ್ರಯೋಡಿನ ಲಕ್ಷಣರೇಖೆಗಳನ್ನು ಎಳೆದ ಹಳೆಯ ವಿದ್ಯಾರ್ಥಿಗಳಿಗೆ ಇದು ನೆನಪಿರಬೇಕು. ಇಂದಿನ ಬಾಲಕನು ಕೈಯಲ್ಲಿ ಹಿಡಿದ ದೂರವಾಣಿಯೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಒಂದೂ ಕಣ್ಣಿಗೆ ಕಾಣದು. ವಾಲ್ವಿನಲ್ಲಿ ಎಲ್ಲವೂ ಗಾಜಿನ ಮನೆಯೊಳಗೆ ತೆರೆದಿಟ್ಟಂತಿದೆ. ಇದು ಕಾಯುವ ಋಣಾಗ್ರ, ಇದು ಸುರುಳಿ ಸುತ್ತಿದ ಜಾಲರಿ, ಇದು ಹೊರಗಿನ ಧನಾಗ್ರ ಎಂದು ಬೆರಳಿಟ್ಟು ತೋರಿಸಬಹುದು. ಒಡೆದ ವಾಲ್ವೊಂದನ್ನು ಜಾಗ್ರತೆಯಿಂದ ಬಿಚ್ಚಿ ಹಲಗೆಗೆ ಅಂಟಿಸಿದರೆ ಅದೂ ಪಾಠವೇ. ಸತ್ತ ವಾಲ್ವುಗಳಿಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ.

ಅಳಿದ ವಸ್ತುವನ್ನು ಕಲಿಸಿ ಫಲವೇನು, ಮಕ್ಕಳಿಗೆ ಬೇಕಾದುದು ಗಣಕಯಂತ್ರವಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಗಣಕಯಂತ್ರವನ್ನು ಕಲಿಸಲೇಬೇಕು. ಆದರೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಇಲ್ಲಿಯವರ ಕೈಗಳಿಂದಲೇ ಕಟ್ಟಿದ ಗಣಕಯಂತ್ರ ಟಿಫ್ರಾಕ್ ಸುಮಾರು 2,700 ವಾಲ್ವುಗಳಿಂದ ನಡೆಯಿತು. ಮೊಮ್ಮಗನನ್ನು ಹೊಗಳುವವರು ಅಜ್ಜನ ಹೆಸರನ್ನು ಕೇಳಿದರೆ ಮುಖ ತಿರುಗಿಸಬೇಕಾಗಿಲ್ಲ.

ಪ್ರಯೋಗದಲ್ಲಿ ಅಪಾಯವೂ ಇದೆಯೆಂಬುದನ್ನು ಮುಚ್ಚಿಡಬಾರದು. ರೇಡಿಯೋದೊಳಗೆ ಧನಾಗ್ರಕ್ಕೆ 250 ವೋಲ್ಟಿನಷ್ಟು ವಿದ್ಯುತ್ತು ಬರುತ್ತದೆ. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ಕಪ್ಯಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಯು ಅಕ್ಷರದ ವಾಲ್ವುಗಳಿರುವ ರೇಡಿಯೋಗಳಲ್ಲಿ ಒಳಗಿನ ತಗಡಿನ ಚಾಸಿಗೇ ವಿದ್ಯುತ್ತು ತಗುಲಿರಬಹುದು. ದಶಕಗಳಿಂದ ಮಲಗಿದ್ದ ರೇಡಿಯೋವನ್ನು ನೇರವಾಗಿ ಹಚ್ಚಿದರೆ ಕೆಟ್ಟ ಕಪ್ಯಾಸಿಟರು ಸುಟ್ಟು ತನ್ನೊಡನೆ ಒಳ್ಳೆಯ ವಾಲ್ವನ್ನೂ ಸುಡುತ್ತದೆ. ಆದುದರಿಂದ ಪೂರ್ತಿ ರೇಡಿಯೋ ಬಲ್ಲವರ ಕೈಯಲ್ಲಿರಲಿ. ತರಗತಿಯಲ್ಲಿ ಡಯೋಡು ವಾಲ್ವೊಂದನ್ನು ಕಾಯಿಸಿ, ಕೆಲವೇ ವೋಲ್ಟಿನ ಬ್ಯಾಟರಿಯಿಂದ ಪ್ರವಾಹವು ಒಂದೇ ದಿಕ್ಕಿಗೆ ಹರಿಯುವುದನ್ನು ತೋರಿಸಿದರೆ ಎಡಿಸನ್ನನು ಕಂಡುದನ್ನು ಮಕ್ಕಳೂ ಕಾಣುತ್ತಾರೆ.

ಹಾಗಾದರೆ ಪೆಟ್ಟಿಗೆಯನ್ನು ಏನು ಮಾಡಬೇಕು? ಎಲ್ಲವನ್ನೂ ಕೂಡಿಡುವುದು ಲೋಭ, ಎಲ್ಲವನ್ನೂ ಮಾರುವುದು ಮೌಢ್ಯ. ಪ್ರತಿಯೊಂದು ಬಗೆಯದರಲ್ಲಿ ಒಂದೆರಡನ್ನು ಪಾಠಕ್ಕೆ ಉಳಿಸಿಕೊಂಡು, ಬೇಡಿಕೆಯುಳ್ಳ ಮಿಕ್ಕವನ್ನು ಬಳಸುವವರಿಗೆ ತಕ್ಕ ಬೆಲೆಗೆ ಕೊಟ್ಟು, ಆ ಹಣವನ್ನು ಅದೇ ವಿಜ್ಞಾನ ಕೊಠಡಿಗೆ ವಿನಿಯೋಗಿಸುವುದು ನ್ಯಾಯ. ಕಾಣಿಕೆಯಾಗಿ ಬಂದುದಾದರೆ ಕೊಟ್ಟವರಿಗೋ ಅವರ ಮಕ್ಕಳಿಗೋ ತಿಳಿಸಿ ಮಾಡುವುದು ಮರ್ಯಾದೆ. ಅವರೇ ಇಟ್ಟುಕೊಳ್ಳಬಯಸುವುದೂ ಉಂಟು. ಬೆಲೆಯಿಲ್ಲದವನ್ನು ಬೆಲೆಯಿಲ್ಲವೆಂದೇ ಬರೆದು ವಿಲೇವಾರಿ ಮಾಡಲಿ, ಆದರೆ ನೋಡಿ ಬರೆಯಲಿ. ದಾಸ್ತಾನು ಪುಸ್ತಕದಲ್ಲಿ ‘ನಿರುಪಯುಕ್ತ’ ಎಂಬುದನ್ನು ಹೊಡೆದು ಹಾಕಿ, ವಾಲ್ವಿನ ಹೆಸರು, ತಯಾರಕರು, ಬಳಸಿದ್ದೋ ಹೊಸದೋ, ಕನ್ನಡಿಯ ಸ್ಥಿತಿ, ತಂತಿಯ ಸ್ಥಿತಿ, ಪರೀಕ್ಷಿಸಿದ ದಿನಾಂಕ, ಪರೀಕ್ಷಿಸಿದವರ ರುಜು ಇಷ್ಟನ್ನು ಒಂದೊಂದು ಸಾಲಿನಲ್ಲಿ ಬರೆಯಲು ಒಂದು ಭಾನುವಾರ ಸಾಕು.

ಆ ಭಾನುವಾರಕ್ಕೆ ಊರಿನಲ್ಲಿ ಇನ್ನೂ ಉಳಿದಿರುವ ಹಿರಿಯ ರೇಡಿಯೋ ರಿಪೇರಿಯವರನ್ನು ಕರೆಯುವುದು ಲೇಸು. ವಾಲ್ವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಧ್ವನಿವರ್ಧಕದಲ್ಲಿ ಬರುವ ನಾದವನ್ನು ಕೇಳಿ ಒಳಗಿನ ಅಂಗ ಸಡಿಲವಾಗಿದೆಯೆಂದು ಹೇಳಬಲ್ಲವರು ಅವರು. ರಟ್ಟಿನ ಪೆಟ್ಟಿಗೆಗಳ ಮೇಲೆ ಅವರದೇ ಪೆನ್ಸಿಲ್ಲಿನ ಗುರುತುಗಳು ಇರುವುದುಂಟು: ‘ಗೊರಗೊರ’, ‘ಅರೆ ಜೀವ’, ‘ಒಳ್ಳೆಯದು, ಬಿಡಬೇಡ’. ಪೆಟ್ಟಿಗೆ ಹರಿದಿದ್ದರೂ ಆ ಬರೆಹವಿರುವ ತುಂಡನ್ನು ಕತ್ತರಿಸಿ ವಾಲ್ವಿನೊಡನೆಯೇ ಇಡಬೇಕು.